ಮುಚ್ಚಳದ ಸದ್ದಿಗೆ ಬರುವ ಕರು

ಟಣ್ ಅಂತ ತಗಡಿನ ಡಬ್ಬಿಯ ಮುಚ್ಚಳ ಕಲ್ಲಿಗೆ ತಾಗಿತು. ದೊಡ್ಡ ಸದ್ದೇನಲ್ಲ. ಗುಡ್ಡದ ಕಡೆಯಿಂದ ಬೀಸುವ ಗಾಳಿ ಅದನ್ನು ಅರ್ಧ ದಾರಿಯಲ್ಲೇ ನುಂಗಿಬಿಡುತ್ತದೆ. ಆದರೂ ಬೇವಿನ ನೆರಳಿನಲ್ಲಿ ಮಲಗಿದ್ದ ಕರುವೊಂದು ಕಿವಿ ತಿರುಗಿಸಿತು, ಹಿಂಗಾಲು ಮೊದಲು ಎತ್ತಿ ಎದ್ದಿತು, ಬಾಲ ನಿಮಿರಿಸಿಕೊಂಡು ಓಡಿಬಂತು.

“ಬಂದೇನಪಾ ಬುಧ್ಯಾ,” ಎಂದಳು ಪಾರಮ್ಮ. ಅಂಗೈ ಚಾಚಿದಳು. ಅದರಲ್ಲಿ ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ, ಒಂದು ಚಿಟಿಕೆ ಉಪ್ಪು. ಬುಧ್ಯಾನ ಒರಟು ನಾಲಗೆ ಅಂಗೈಯ ಗೆರೆಗಳನ್ನೆಲ್ಲ ಸವರಿ ಹೋಯಿತು. ಅವಳು ಮತ್ತೊಂದು ಹಿಡಿ ತೆಗೆದಳು. ಅದೂ ಹೋಯಿತು.

ತಿನ್ನುವುದನ್ನು ನೋಡಿದರೆ ಇವನಿಗೆ ಯಾವ ಕೊರತೆಯೂ ಇಲ್ಲ ಅನ್ನಬೇಕು. ಮೈ ನೋಡಿದರೆ ಹಾಗನ್ನಲು ಬಾಯಿ ಬರುವುದಿಲ್ಲ. ಹೊಟ್ಟೆ ಗಡಿಗೆಯಂತೆ ಉಬ್ಬಿದೆ, ಬೆನ್ನು ಮಾತ್ರ ಸಪೂರ. ಕೂದಲಿಗೆ ಹೊಳಪಿಲ್ಲ. ಎಲ್ಲಕ್ಕಿಂತ ಹೆಚ್ಚು ಇವನಿಗೇ ಉಣಿಸಿದ್ದಾಳೆ, ಎಲ್ಲಕ್ಕಿಂತ ಹಿಂದೆ ಇವನೇ ಬಿದ್ದಿದ್ದಾನೆ. ಈ ಲೆಕ್ಕ ಅವಳಿಗೆ ಯಾವ ಕಡೆಯಿಂದ ಹಿಡಿದರೂ ಕೂಡುತ್ತಿರಲಿಲ್ಲ.

ನವಲಿಯಿಂದ ಒಳಗೆ, ಕಾಲುವೆಯ ನೀರು ಮುಗಿದು ಕಲ್ಲುಗುಡ್ಡ ಶುರುವಾಗುವಲ್ಲಿ ಪಾರಮ್ಮನ ಊರು. ಗಂಡ ಹನುಮಂತಪ್ಪನ ಜೀವ ಕಾಲುವೆ ಕೆಳಗಿನ ಭತ್ತದ ಗದ್ದೆಯಲ್ಲಿ. ಅವಳ ಜೀವ ಗುಡ್ಡದ ಬುಡದ ದೊಡ್ಡಿಯಲ್ಲಿ, ಅವ್ವನ ಕಾಲದಿಂದ ಬಂದ ಜವಾರಿ ದನಗಳ ಜೊತೆ. ಅವಳು ನಡೆಯಲು ಕಲಿತದ್ದು ಈ ದನಗಳ ಬಾಲ ಹಿಡಿದುಕೊಂಡು. ಮದುವೆಯೂ ಇದೇ ಊರಿನೊಳಗೆ ಆದದ್ದರಿಂದ ಹಿಂಡನ್ನು ಬಿಟ್ಟು ಹೋಗುವ ಪ್ರಸಂಗ ಅವಳಿಗೆ ಬರಲೇ ಇಲ್ಲ. ಈಗ ಮೊಣಕಾಲು ನೋಯುತ್ತವೆ, ಗುಡ್ಡ ಹತ್ತಲಾಗುವುದಿಲ್ಲ. ದನಗಳನ್ನು ಮೇಯಲು ಹೊಡೆದುಕೊಂಡು ಹೋಗುವವನು ಚಾಂದಸಾಬ. ಅವನವೂ ಒಂದಷ್ಟು ದನ ಇದೇ ಹಿಂಡಿನಲ್ಲಿವೆ.

ಈ ಹಿಂಡಿನ ಆಕಳುಗಳ ಹಾಲು ಹಿಂಡುವುದಿಲ್ಲ. ಅದು ಮೊದಲಿನಿಂದ ಬಂದ ರೂಢಿ. ನಾಲ್ಕೂ ಮೊಲೆ ಕರುವಿನವು. ಮನೆಯ ಚಹಾಕ್ಕೆ ಪಾರಮ್ಮ ಅಂಗಡಿಯಿಂದ ಹಾಲಿನ ಪ್ಯಾಕೆಟ್ ತರುತ್ತಾಳೆ. ಹೊಸದಾಗಿ ಬಂದವರು ಇದನ್ನು ನೋಡಿ ನಗುತ್ತಾರೆ, ಅವಳೂ ಅವರ ಜೊತೆ ನಗುತ್ತಾಳೆ. ಹಿಂಡು ಕೊಡುವುದು ಗೊಬ್ಬರ ಮತ್ತು ಹೋರಿಗಳನ್ನು. ಭತ್ತ ಕೊಯ್ದ ಗದ್ದೆಗಳಲ್ಲಿ ರಾತ್ರಿ ದನ ತರುಬಿ ನಿಲ್ಲಿಸಿದರೆ ನೆಲಕ್ಕೆ ಸಾರ ಬರುತ್ತದೆ. ತಾಯಿ ಹಾಲನ್ನೆಲ್ಲ ಕುಡಿದು ಬೆಳೆದ ಹೋರಿಗರುಗಳು ಒಣಬೇಸಾಯದ ಊರುಗಳಿಗೆ ಎತ್ತುಗಳಾಗಿ ಹೋಗುತ್ತವೆ.

ಇನ್ನೊಂದು ರೂಢಿಯಿದೆ. ಮನೆಯ ಹೆಣ್ಣುಮಗಳಿಗೆ ಹಿಂಡಿನಿಂದ ಒಂದು ಜೋಡಿ ಹೋರಿಗರು ಕೊಡಬೇಕು. ಒಂಟಿ ಕೊಡುವಂತಿಲ್ಲ. ಏರಿಳಿತದ ಜೋಡಿಯನ್ನೂ ಕೊಡುವಂತಿಲ್ಲ. ನೊಗ ವಾರೆಯಾದರೆ ಆ ಮಗಳ ಸಂಸಾರವೂ ವಾರೆಯಾಗುತ್ತದೆ ಎಂದು ಹಳಬರು ನಂಬಿದ್ದರು. ಪಾರಮ್ಮ ಇದನ್ನು ಪೂರ್ತಿ ನಂಬುತ್ತಾಳೋ ಇಲ್ಲವೋ ಅವಳಿಗೇ ಗೊತ್ತಿಲ್ಲ. ಆದರೆ ಒಬ್ಬಳೇ ಮಗಳು ಶಿವಲಿಂಗಮ್ಮನನ್ನು ಕುಕನೂರಿನ ಹತ್ತಿರದ ಊರಿಗೆ ಕೊಟ್ಟು, ಅವಳ ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವರಾದರೂ ಜೋಡಿ ಕೊಟ್ಟಿರಲಿಲ್ಲ. ಬಣ್ಣ ಕೂಡಿದರೆ ಕೋಡು ಕೂಡುತ್ತಿರಲಿಲ್ಲ. ಕೋಡು ಕೂಡಿದರೆ ಎತ್ತರ ಕೂಡುತ್ತಿರಲಿಲ್ಲ. ಬೀಗತಿ ಒಮ್ಮೆ ಮದುವೆ ಮನೆಯಲ್ಲಿ, “ದೊಡ್ಡಿ ತುಂಬ ದನ ಅದಾವಂತ, ಒಂದು ಜೋಡಿ ಹೊರಡವಲ್ಲದು,” ಎಂದು ಎಲೆ ಅಡಿಕೆ ಅಗಿಯುತ್ತ ಅಂದಿದ್ದಳು. ಅದು ಅಲ್ಲಿಗೇ ಮುಗಿದ ಮಾತು. ಪಾರಮ್ಮನಿಗೆ ಮಾತ್ರ ಮುಗಿದಿರಲಿಲ್ಲ.

ಕಳೆದ ಮಹಾನವಮಿಯ ಹೊತ್ತಿಗೆ ದೊಡ್ಡಮಾಸಿ ಎಂಬ ಆಕಳು ಸೋಮವಾರ ಒಂದು ಹೋರಿಗರು ಹಾಕಿತು. ಅದರ ತಂಗಿ ಸಣ್ಣಮಾಸಿ ಬುಧವಾರ ಇನ್ನೊಂದು ಹಾಕಿತು. ಎರಡೂ ಬೂದಿ ಬಣ್ಣ, ಎರಡಕ್ಕೂ ಹಣೆಯ ಮೇಲೆ ಒಂದೇ ಥರದ ಸುಳಿ. ಹುಟ್ಟಿದ ವಾರದ ಮೇಲೆ ಸೋಮ್ಯಾ, ಬುಧ್ಯಾ ಎಂದು ಕರೆದರು. ಅಳಿಯ ಕಳಕೇಶ ಬಂದು ನೋಡಿ, “ಹಿಂಗ ಜೋಡಾಗಿ ಬೆಳದ್ರ ಯುಗಾದಿಗೆ ಬಂದು ಒಪ್ಪಿಕೊಂಡು ಹೊಕ್ಕೀನ್ರಿ. ಇಲ್ಲಂದ್ರ ಬ್ಯಾರೆ ಕಡೆ ನೋಡಬೇಕಾಗತೈತಿ, ನಮ್ಮ ಎತ್ತಿಗೆ ವಯಸ್ಸಾತು,” ಎಂದು ಹೇಳಿಹೋದ.

ಸಂಕ್ರಾಂತಿ ಕಳೆಯಿತು. ಗುಡ್ಡದ ಹುಲ್ಲು ಬಲಿತು ಕಡ್ಡಿಯಾಯಿತು. ಆಕಳುಗಳು ದಿನವಿಡೀ ಮೇಯ್ದರೂ ಸಂಜೆ ಕೆಚ್ಚಲು ಬರಿದಾಗಿ ಜೋತುಬಿದ್ದೇ ಇರುತ್ತಿತ್ತು. ಚೊಚ್ಚಲ ಕರು ಹಾಕಿದ್ದ ಸಣ್ಣಮಾಸಿಗೆ ಮೊದಲೇ ಹಾಲು ಕಡಿಮೆ. ಬುಧ್ಯಾ ಸೋಮ್ಯಾನಿಗಿಂತ ಒಂದು ಬೆರಳು ಹಿಂದೆ ಬಿದ್ದ.

ದನಕ್ಕೆ ಸೂಜಿ ಹಾಕಲು ಬಂದ ಡಾಕ್ಟರ್ ಅಮೃತಾ ಹೇಳಿಕೊಟ್ಟದ್ದೇ ಕರುಗಳ ಆವಾರ. ಬೇವಿನ ಹತ್ತಿರ, ದನಗಳು ಮಧ್ಯಾಹ್ನ ನೀರು ಕುಡಿಯಲು ಬರುವ ಕಲ್ಲಬಾನಿಯ ಮಗ್ಗುಲಲ್ಲಿ ಗೂಟ ನೆಟ್ಟು ಬಿದಿರಿನ ಗಳ ಕಟ್ಟುವುದು. ಒಂದು ಕಡೆ ಗಂಡಿ ಬಿಡುವುದು. ಆ ಗಂಡಿಗೆ ಅಡ್ಡ ಕಟ್ಟಿದ ಗಳ ಎಷ್ಟು ಎತ್ತರಕ್ಕಿರಬೇಕೆಂದರೆ ಕರು ತಲೆ ತಗ್ಗಿಸಿ ನುಸುಳಬೇಕು, ಆಕಳಿಗೆ ಆಗಬಾರದು. ಒಳಗೆ ಒಂದು ಸಣ್ಣ ಬಾನಿಯಲ್ಲಿ ನುಚ್ಚು, ಹಿಂಡಿ. ಕರು ತನಗೆ ಬೇಕಾದಾಗ ಹೋಗಿ ತಿಂದು, ಬೇಕಾದಾಗ ಹೊರಬಂದು ತಾಯಿಯ ಹಾಲು ಕುಡಿಯಬೇಕು. ಚಾಂದಸಾಬ ಅದನ್ನು ಖಾನಾವಳಿ ಎಂದು ಕರೆದ. ಹೆಸರು ನಿಂತಿತು.

ಡಾಕ್ಟರು ಎರಡೂ ಕರುಗಳ ಎದೆಯ ಸುತ್ತಳತೆ ತೆಗೆಯಲು ಟೇಪು ಬಿಚ್ಚಿದಾಗ ಪಾರಮ್ಮ ನಡುವೆ ಬಂದು ನಿಂತಳು.

“ಅದೊಂದು ಬ್ಯಾಡ್ರಿ ಡಾಕ್ಟರಮ್ಮಾರ. ಬೆಳೆಯೋ ಮೈಗೆ ಅಳತಿ ಹಿಡಿದ್ರ ಅಲ್ಲಿಗೇ ನಿಲ್ಲತೈತಿ.”

“ನಿಮ್ಮ ಮೊಮ್ಮಗನ್ನ ಸಾಲ್ಯಾಗ ತೂಗೂದಿಲ್ಲೇನ್ರಿ?”

“ತೂಗತಾರ್ರಿ. ಅದಕ್ಕ ನೋಡ್ರಿ, ಅಂವ ಹಂಗಽ ಕಡ್ಡಿ ಅದಾನ.”

ಅಮೃತಾ ನಕ್ಕು ಟೇಪು ಸುತ್ತಿಕೊಂಡಳು. ಹೀಗಾಗಿ ಯಾವ ಕರು ಎಷ್ಟು ಬೆಳೆಯಿತು ಎಂಬುದಕ್ಕೆ ಆಮೇಲೆ ಕಣ್ಣಳತೆ ಬಿಟ್ಟರೆ ಬೇರೇನೂ ಉಳಿಯಲಿಲ್ಲ.

ಖಾನಾವಳಿ ನಡೆಯಿತು. ಹಿಂಡಿನ ಉಳಿದ ಕರುಗಳು ಒಂದು ವಾರ ಮೂಸಿದವು, ಆಮೇಲೆ ತಿನ್ನತೊಡಗಿದವು. ಸೋಮ್ಯಾನ ಬೆನ್ನು ತುಂಬಿತು. ಬುಧ್ಯಾ ಮಾತ್ರ ಬಾನಿಯೊಳಗೆ ಮೂತಿ ಇಡದೆ ಗಂಡಿಯಲ್ಲಿ ನಿಂತು ನೋಡುತ್ತಿದ್ದ. ಪಾರಮ್ಮನ ಅವ್ವ ಹಿಂದೆ ಬಿದ್ದ ಕರುವಿಗೆ ಅಂಗೈಯ ಮೇಲೆ ಉಣಿಸುತ್ತಿದ್ದಳು. ಮನುಷ್ಯರ ಕೈಯ ಬಿಸಿ ಹತ್ತಿದರೆ ಕರು ಚೇತರಿಸುತ್ತದೆ ಎಂಬುದು ಅವಳ ಮಾತು. ಪಾರಮ್ಮನೂ ಒಳಗೆ ಕಲ್ಲಿನ ಮೇಲೆ ಕೂತು ಅಂಗೈ ಚಾಚಿದಳು. ಬುಧ್ಯಾ ಬಂದ. ಆ ದಿನ ಅವಳಿಗಾದ ಸಂತೋಷ ಸಣ್ಣದಲ್ಲ.

ಕೆಲವು ದಿನಗಳಲ್ಲೇ ಡಬ್ಬಿಯ ಮುಚ್ಚಳದ ಸದ್ದು ಬುಧ್ಯಾನಿಗೆ ಹೆಸರಿಗಿಂತ ಹೆಚ್ಚಾಯಿತು. ಮುಂಜಾನೆ ಹಿಂಡು ಗುಡ್ಡಕ್ಕೆ ಹೊರಟರೆ ಅವನು ದೊಡ್ಡಿಯ ಬಾಗಿಲಲ್ಲೇ ಉಳಿಯುತ್ತಿದ್ದ. ಮುಂದೆ ಹೋದ ಸಣ್ಣಮಾಸಿ ತಿರುಗಿ ಕೂಗುತ್ತಿತ್ತು. “ಇರಲಿ ಬಿಡು, ಬಿಸಿಲಾಗ ಅಡ್ಡಾಡಿ ಮತ್ತಷ್ಟು ಸೊರಗೂದು ಬ್ಯಾಡ,” ಎಂದು ಪಾರಮ್ಮ ಅವನನ್ನು ತನ್ನ ಹತ್ತಿರವೇ ಇಟ್ಟುಕೊಂಡಳು. ಅವಳು ಸಗಣಿ ಬಳಿದರೆ ಅವನು ಹಿಂದೆ. ನೀರಿಗೆ ಹೋದರೆ ಹಿಂದೆ.

“ಅಕ್ಕಾ, ಈ ವಯಸ್ಸಿನ್ಯಾಗ ನಿನಗ ಬಾಲ ಬಂದೈತಿ ನೋಡು,” ಅಂದ ಚಾಂದಸಾಬ.

“ಇರಲಿ ಬಿಡೋ. ನೊಣ ಹೊಡಿಯಾಕರ ಆಗತೈತಿ.”

ಆದರೆ ಫಾಲ್ಗುಣದ ಹೊತ್ತಿಗೆ ನಗು ನಿಂತಿತು. ಎರಡು ಕರು ಪಕ್ಕಪಕ್ಕ ನಿಂತರೆ ಸೋಮ್ಯಾ ಅಣ್ಣನಂತೆ, ಬುಧ್ಯಾ ತೀರ ತಡವಾಗಿ ಹುಟ್ಟಿದ ತಮ್ಮನಂತೆ ಕಾಣುತ್ತಿದ್ದರು. ಹನುಮಂತಪ್ಪ ಗದ್ದೆಯಿಂದ ಬಂದವನು, “ಜಂತು ಅದಾವು, ಔಷಧ ಹಾಕಸು,” ಅಂದ. ಹಾಕಿಸಿದಳು. ಪಕ್ಕದ ಮನೆಯ ಪಕೀರಮ್ಮ, “ನಿನ್ನ ಬೀಗತಿ ಕಣ್ಣು ಬಿದ್ದೈತಿ, ಕರಿ ದಾರ ಕಟ್ಟು,” ಅಂದಳು. ಕಟ್ಟಿದಳು. ದಾರಿಯಲ್ಲಿ ಹೋಗುವವನೊಬ್ಬ ಹಿಂಡಿ ಹೆಚ್ಚಾಗಿದೆ ಅಂದ. ಅವತ್ತು ಕಡಿಮೆ ಕೊಟ್ಟಳು. ಮರುದಿನ ಬೇರೆ ಯಾರೋ ನುಚ್ಚು ಸಾಲದು ಅಂದರು. ಅವತ್ತು ಹೆಚ್ಚು ಕೊಟ್ಟಳು. ಎಲ್ಲರ ಮಾತೂ ಕೇಳುವಾಗ ಖರೆ ಅನ್ನಿಸುತ್ತಿತ್ತು, ಅವರು ಆಚೆ ಹೋದೊಡನೆ ಇಲ್ಲ ಅನ್ನಿಸುತ್ತಿತ್ತು. ಸಂಜೆ ಬುಧ್ಯಾನ ಬೆನ್ನ ಮೇಲೆ ಕೈ ಎಳೆದರೆ ನಿನ್ನೆಗಿಂತ ಮಾಂಸ ಬಂದಂತೆ ಇರುತ್ತಿತ್ತು. ಮುಂಜಾನೆ ಎಳೆದರೆ ಮತ್ತೆ ಎಲುಬು. ತನ್ನ ಅಂಗೈಯೇ ತನಗೆ ಸುಳ್ಳು ಹೇಳುತ್ತಿದೆಯೇನೋ ಎಂದು ಅವಳು ಕೈಯನ್ನೇ ನೋಡಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಕಿನ್ನಾಳದಲ್ಲಿ ಅಕ್ಕನ ಮನೆಯ ತೊಟ್ಟಿಲ ಕಾರ್ಯ ಬಂತು. ತಪ್ಪಿಸಲಾಗದ ಕಾರ್ಯ. ಚಾಂದಸಾಬನಿಗೆ ಡಬ್ಬಿ ತೋರಿಸಿ, ಅಂಗೈ ಹೇಗೆ ಚಾಚಬೇಕೆಂದು ಸಹ ತೋರಿಸಿ, ಬಸ್ಸು ಹತ್ತಿದಳು. ಕಾರ್ಯದಲ್ಲಿ ಎಲ್ಲರೂ ಕೂಸಿಗೆ ಹೆಸರು ಆರಿಸುತ್ತಿದ್ದರೆ ಇವಳು, ಕರು ಏನಾದರೂ ತಿಂದಿತೋ ಇಲ್ಲವೋ ಎಂದು ಫೋನು ನೋಡುತ್ತಿದ್ದಳು. ಗುಡ್ಡದಲ್ಲಿ ಸಿಗ್ನಲ್ ಇರಲಿಲ್ಲ.

ಹೊತ್ತು ಮುಳುಗುವ ಮೊದಲು ತಿರುಗಿ ಬಂದಳು. ಚಾಂದಸಾಬ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ್ದ.

“ಉಂಡನೇನೋ?”

“ಸಿಟ್ಟಾಗಬ್ಯಾಡಕ್ಕ. ನಾನು ಅಂಗೈ ಚಾಚಿದೆ, ಅಂವ ಮೂಸಿ ಮುಖ ತಿರುವಿದ. ನನ್ನ ಕೈ ಬೀಡಿ ನಾತ ಬರತಾವು ಅಂತ ಕಾಣತೈತಿ. ನಾನೂ ಎಷ್ಟೊತ್ತಂತ ಕೂಡ್ಲಿ? ದನ ಹೊಡಕೊಂಡು ಹೊಂಟೆ.”

“ಇಡೀ ದಿನ ಉಪಾಸ?”

“ಎಲ್ಲಿ ಉಪಾಸ? ಒಂದೀಟು ಒದರಿದ, ನಿನ್ನ ಹುಡುಕಿದ. ಆಮ್ಯಾಲ ಹಿಂಡಿನ ಹಿಂದ ಓಡಿ ಬಂದ. ಗುಡ್ಡದ ಮ್ಯಾಲ ಸಣ್ಣಮಾಸಿ ಕೆಚ್ಚಲಕ್ಕ ಹೆಂಗ ಗುಮ್ಮಿದ ಅಂತಿ, ಅದರ ಹಿಂಗಾಲು ನೆಲ ಬಿಡತಿದ್ದವು. ಮಧ್ಯಾಹ್ನ ಬಂದು ಸೋಮ್ಯಾನ ಮಗ್ಗಲ್ದಾಗ ನಿಂತು ಬಾನ್ಯಾಗಿಂದ ತಾನಽ ತಿಂದ.”

ಪಾರಮ್ಮ ಚೀಲ ಕೆಳಗಿಡುವುದನ್ನು ಮರೆತು ನಿಂತಳು. ಒಳ್ಳೆಯ ಸುದ್ದಿ ಇದು, ಸಂತೋಷವಾಗಬೇಕಿತ್ತು.

“ನಾನಿಲ್ಲಂದ್ರ ಛಲೋ ಇರತಾನ ಅನ್ನು.”

“ನಾ ಹಂಗ ಅಂದೆನ?”

“ಮತ್ತ ಹೆಂಗ ಅಂದಿ?”

ಚಾಂದಸಾಬನ ಬೀಡಿ ಆರಿಹೋಗಿತ್ತು, ಮತ್ತೆ ಹಚ್ಚಿಕೊಂಡ.

ಮರುದಿನ ಅವಳು ಡಬ್ಬಿ ಮುಟ್ಟಲಿಲ್ಲ. ಖಾನಾವಳಿಯಿಂದ ದೂರ, ಹುಣಸೆ ಮರದ ಹಿಂದೆ ಸೆರಗು ಮುಚ್ಚಿಕೊಂಡು ಕೂತಳು. ಹಿಂಡು ನೀರಿಗೆ ಬಂತು. ಬುಧ್ಯಾ ಗಂಡಿಯ ಬಳಿ ಹೋಗಿ ಅವಳು ಕೂರುವ ಕಲ್ಲನ್ನು ಮೂಸಿದ. ಒಳಗೆ ಹೊರಗೆ ಓಡಾಡಿದ. ಆಮೇಲೆ ಸಣ್ಣಮಾಸಿಯ ಹೊಟ್ಟೆಯ ಕೆಳಗೆ ಹೋಗಿ ಮೊಲೆಗೆ ಬಾಯಿ ಹಾಕಿದ. ಅದು ತಿರುಗಿ ಅವನ ಬಾಲದ ಬುಡ ನೆಕ್ಕಿತು. ಪಾರಮ್ಮನಿಗೆ ಕೆಮ್ಮು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಸಣ್ಣ ಕೆಮ್ಮು. ಬುಧ್ಯಾ ಮೊಲೆ ಬಿಟ್ಟು, ಬಾಯಿಯ ಹಾಲಿನ ನೊರೆಯನ್ನೂ ನುಂಗದೆ, ಹುಣಸೆ ಮರದ ಕಡೆ ಓಡಿಬಂದ.

ಕರು ಹತ್ತಿರ ಬಂದರೆ ಎದೆ ಅರಳುತ್ತಿದ್ದ ಹೆಂಗಸಿಗೆ ಅವತ್ತು ಮೊದಲ ಸಲ ಭಯವಾಯಿತು.

ಡಾಕ್ಟರಿಗೆ ಫೋನು ಹಚ್ಚಿದಳು. ಎಲ್ಲ ಕೇಳಿದ ಮೇಲೆ ಅಮೃತಾ, “ನುಚ್ಚು ಇಡ್ರಿ ಅಂದಿದ್ದೆ, ನೀವಽ ಅಲ್ಲಿ ಕುಂದರ್ರಿ ಅಂದಿದ್ದಿಲ್ಲ ಪಾರಮ್ಮಾರ,” ಅಂದಳು. ಆದರೆ ದನಿಯಲ್ಲಿ ನಗು ಇರಲಿಲ್ಲ. “ಅದು ತಾಯಿ ಹಾಲಿನ ಜೋಡಿಗೆ ತಿನ್ನಾಕ, ಹಾಲಿನ ಬದಲಿಗೆ ಅಲ್ರಿ. ಅಂವ ನಿಮ್ಮ ಕೈಯಾಗ ಹೊಟ್ಟಿ ತುಂಬಿಸಿಕೊಂಡು ಮಲಗಿದ್ರ ಕೆಚ್ಚಲಕ್ಕ ಗುಮ್ಮೋರು ಯಾರು? ಗುಮ್ಮದಿದ್ರ ಹಾಲು ಬತ್ತತೈತಿ. ಆಕಳಿಗೆ ಇನ್ನ ಹಾಲು ಐತೇನ್ರಿ?”

“ಐತೋ ಇಲ್ಲೋ, ಹೆಂಗ ಗೊತ್ತಾಗಬೇಕ್ರಿ? ನಾವು ಹಿಂಡೂದಿಲ್ಲಲ್ರಿ.”

“ಒಂದು ಸಲ ಹಿಂಡಿ ನೋಡ್ರಿ.”

ಫೋನು ಇಟ್ಟು ಪಾರಮ್ಮ ಸಣ್ಣಮಾಸಿಯ ಮಗ್ಗುಲಲ್ಲಿ ಬಹಳ ಹೊತ್ತು ನಿಂತಳು. ಇಷ್ಟು ವರ್ಷದ ಬಾಳಿನಲ್ಲಿ ಈ ಹಿಂಡಿನ ಮೊಲೆಗೆ ಕೈ ಹಚ್ಚಿದವಳಲ್ಲ. ಕೈ ಚಾಚಿದಳು, ಹಿಂದೆ ತೆಗೆದಳು. ಅಂಗೈಯ ಮೇಲೆ ಉಣಿಸು ಎಂದದ್ದು ಅವ್ವ. ಮೊಲೆ ಮುಟ್ಟಬೇಡ ಎಂದದ್ದೂ ಅವ್ವ. ಒಂದು ಮಾತು ಹೀಗಾಯಿತು ಅಂದರೆ ಇನ್ನೊಂದನ್ನು ಏನು ಮಾಡಬೇಕು? ಕೇಳಲು ಅವ್ವ ಇಲ್ಲ. ಆಕಳು ಮೆಲುಕು ಹಾಕುತ್ತ ಅವಳನ್ನು ನೋಡುತ್ತಿತ್ತು. ಅವಳು ಮುಟ್ಟಲಿಲ್ಲ.

ಅವತ್ತಿನಿಂದ ಡಬ್ಬಿ ಚಾಂದಸಾಬನ ವಶವಾಯಿತು. ಮುಚ್ಚಳಕ್ಕೆ ಬಟ್ಟೆ ಸುತ್ತಿದರು. ಹಿಂಡು ದೊಡ್ಡಿಯಲ್ಲಿರುವ ಹೊತ್ತು ಪಾರಮ್ಮ ಮನೆಯೊಳಗೆ ಇರತೊಡಗಿದಳು. ಬುಧ್ಯಾ ಕೆಲವು ದಿನ ಮನೆಯ ಬಾಗಿಲವರೆಗೂ ಬಂದು ಹೊಸ್ತಿಲು ನೆಕ್ಕಿ ಹೋದ. ಅವಳು ಒಳಗಿನಿಂದ ಅಗುಳಿ ಹಾಕಿಕೊಂಡು, ಉಸಿರು ಸಹ ಸಣ್ಣಗೆ ಬಿಡುತ್ತ ಕೂತಿರುತ್ತಿದ್ದಳು. ಅವನ ಕೂದಲು ಹೊಳೆಯತೊಡಗಿದೆ ಎಂದು ಚಾಂದಸಾಬ ಹೇಳಿದ. ಇವಳನ್ನು ಸಮಾಧಾನ ಮಾಡಲು ಹೇಳಿದನೋ, ಖರೆಯೋ, ನೋಡಿ ತಿಳಿಯೋಣವೆಂದರೆ ಎದುರಿಗೆ ಹೋಗುವಂತಿರಲಿಲ್ಲ.

ಯುಗಾದಿಯ ಮುಂಚಿನ ಒಂದು ಮಧ್ಯಾಹ್ನ ಕಳಕೇಶ ಬೈಕಿನ ಮೇಲೆ ಶಿವಲಿಂಗಮ್ಮನನ್ನು ಕೂರಿಸಿಕೊಂಡು ಬಂದ. ಅಳಿಯ ಬಂದಾಗ ಒಳಗೆ ಅಗುಳಿ ಹಾಕಿಕೊಂಡು ಕೂರುವುದು ಹೇಗೆ? ಪಾರಮ್ಮ ಅವರಿಗೆ ನೀರು ಕೊಟ್ಟು, ಚಹಾ ಕೊಟ್ಟು, ಬೇವಿನ ಕೆಳಗೆ ಕಂಬಳಿ ಹಾಸಿದಳು. ತಾನೂ ಬೇವಿನ ಬೊಡ್ಡೆಯ ಮರೆಗೆ, ಧ್ವನಿ ತಗ್ಗಿಸಿ ಕೂತಳು.

“ಗಂಟಲಾ ಕಟ್ಟೈತೇನ್ಬೇ ಯವ್ವಾ?” ಎಂದಳು ಶಿವಲಿಂಗಮ್ಮ.

“ಇಲ್ಲ. ಮೆಲ್ಲಕ ಮಾತಾಡು.”

“ಯಾಕ?”

ಹೇಳಿದಳು. ಎಲ್ಲವನ್ನೂ, ಅಂಗೈಯದನ್ನೂ. ಮಗಳು ಕೇಳಿ, “ನನಗರ ಒಂದು ದಿನ ಇಷ್ಟು ಅಂಗೈ ಮ್ಯಾಲ ಉಣಿಸಿದ್ದಿಯೇನು? ತಾಟು ದಬ್ಬಿ ಉಣ್ಣು ಅಂತಿದ್ದಿ,” ಎಂದು ನಕ್ಕಳು.

“ಅದಕ್ಕಽ ನೀ ಇಷ್ಟು ಗಟ್ಟಿ ಆದಿ,” ಎಂದು ಕಳಕೇಶ ಸಣ್ಣಗೆ ಅಂದ. ಶಿವಲಿಂಗಮ್ಮ ಅವನನ್ನು ಕಣ್ಣಲ್ಲೇ ಗದರಿದಳು.

ಗುಡ್ಡದಿಂದ ಗಂಟೆಗಳ ಸದ್ದು ಇಳಿದುಬಂತು. ಚಾಂದಸಾಬ ಹಿಂಡನ್ನು ಕಲ್ಲಬಾನಿಗೆ ಬಿಟ್ಟ. ಧೂಳು ಕೂತಮೇಲೆ ಕಳಕೇಶ ಎದ್ದು ನಿಂತು ಎರಡೂ ಕರುಗಳನ್ನು ನೋಡಿದ. ಸೋಮ್ಯಾ ದೊಡ್ಡಮಾಸಿಯ ಮಗ್ಗುಲಲ್ಲಿ. ಬುಧ್ಯಾ ಅಲ್ಲೇ ಹತ್ತಿರ ಸಣ್ಣಮಾಸಿಯ ಕೆಳಗೆ ತಲೆ ತೂರಿಸಿ ಗುಮ್ಮುತ್ತಿದ್ದ, ಬಾಲ ಅಲ್ಲಾಡುತ್ತಿತ್ತು. ಪಾರಮ್ಮ ಬೊಡ್ಡೆಯ ಮರೆಯಿಂದ ಅವನ ಹಿಂಗಾಲುಗಳನ್ನಷ್ಟೇ ಕಂಡಳು. ತುಂಬಿವೆಯೋ? ತುಂಬಿದಂತಿವೆ. ಹೋದ ತಿಂಗಳು ಹೇಗಿದ್ದವು ಎಂದು ನೆನಪಿಗೆ ತಂದುಕೊಳ್ಳಲು ಹೋದರೆ ಆಗಲಿಲ್ಲ.

ಕಳಕೇಶ ತಿರುಗಿ ಬಂದು ಕೂತ. ಅವನು ಒಣಭೂಮಿಯವನು, ಮಾತು ಅಳೆದು ಆಡುವವನು.

“ಅತ್ತಿ, ಮಾತು ಹೇಳ್ತೀನಿ, ಬ್ಯಾಸರ ಮಾಡಕೋಬ್ಯಾಡ್ರಿ. ಈಗ ನೋಡಿದ್ರ ಜೋಡು ಅಲ್ಲ. ಆದ್ರ ಇದು ಸಣ್ಣ ಜಾತಿದಲ್ಲ, ಮೈಯಾಗ ಇನ್ನ ಬೆಳಿಯೋದು ಐತಿ. ಮನ್ಯಾಗ ಅವ್ವ ಯುಗಾದಿ ಅಂತಾಳ. ನಾ ಕಾರಹುಣ್ಣಿವಿ ತನಕ ಕಾಯ್ತೀನಿ. ಅಷ್ಟೊತ್ತಿಗೆ ಹೆಗಲಿಗೆ ಹೆಗಲು ಕೂಡಿದ್ರ ಎರಡನ್ನೂ ಒಯ್ತೀನಿ. ಕೂಡಲಿಲ್ಲಂದ್ರ…”

“ಕೂಡಲಿಲ್ಲಂದ್ರ ಒಯ್ಯಬ್ಯಾಡ್ರಿ,” ಎಂದಳು ಪಾರಮ್ಮ. ಅಳಿಯನಿಗೆ ಕೇಳಿಸಲೆಂದು ಧ್ವನಿ ಒಂದಿಷ್ಟು ಏರಿತು.

ಬಾನಿಯ ಕಡೆ ಬುಧ್ಯಾನ ಬಾಲ ನಿಂತಿತು. ಅವನು ಮೊಲೆ ಬಿಟ್ಟು ತಲೆ ಹೊರಗೆ ತೆಗೆದ. ಮೂತಿಯ ಸುತ್ತ ಬೆಳ್ಳಗೆ ನೊರೆ. ಹಾಲಿದೆ ಎಂದುಕೊಂಡಳು ಪಾರಮ್ಮ. ಹಿಂಡದೆ, ಮುಟ್ಟದೆ ಅಷ್ಟು ತಿಳಿಯಿತು. ಕರುವಿನ ಕಿವಿಗಳು ಬೇವಿನ ಕಡೆ ತಿರುಗಿದವು. ಸಣ್ಣಮಾಸಿ ಮೆಲ್ಲಗೆ ಕರೆಯಿತು. ಒಂದು ಕಿವಿ ಆ ಕಡೆ ಹೋಯಿತು, ಇನ್ನೊಂದು ಇಲ್ಲೇ ಉಳಿಯಿತು.

“ನಿಮ್ಮ ಮನಸ್ಸು ನನಗ ಗೊತ್ತೈತ್ರಿ,” ಕಳಕೇಶ ಮುಂದುವರಿಸಿದ. “ಒಂದು ಮಾತು ಕೇಳ್ತೀನಿ, ನಿಮಗಿಂತ ಹೆಚ್ಚು ಈ ಕರ ಬಲ್ಲೋರು ಯಾರೂ ಇಲ್ಲ. ನಿಮಗೇನು ಅನಸತೈತಿ, ಇಂವ ಅಷ್ಟರೊಳಗ ಸೋಮ್ಯಾನ ಹೆಗಲಿಗೆ…”

ಬುಧ್ಯಾ ಒಂದು ಹೆಜ್ಜೆ ಈ ಕಡೆ ಇಟ್ಟ.

ಪಾರಮ್ಮ ಎದ್ದಳು. ಕೈಯಲ್ಲಿದ್ದ ಚಹಾದ ಬಟ್ಟಲನ್ನು ಮಗಳ ಮುಂದೆ ಇಟ್ಟಳು. ಬಾಯಿ ತೆರೆದರೆ ಅವನಿಗೆ ಕೇಳುತ್ತದೆ. ಅಳಿಯನ ಮಾತಿನ ನಡುವೆ ಎದ್ದುಹೋಗುವುದು ಮರ್ಯಾದೆಯಲ್ಲ, ಯಾಕೆ ಹೋಗುತ್ತಿದ್ದೇನೆ ಎಂದು ಸಹ ಹೇಳುವಂತಿರಲಿಲ್ಲ.

“ಅತ್ತಿ?” ಎಂದ ಕಳಕೇಶ. “ಏನರ ತಪ್ಪು ಮಾತಾಡಿದೆನ್ರಿ?”

ಅವಳು ಸೆರಗು ಹೊದ್ದು, ಕಾಲುವೆಯ ಕಡೆಗಿನ ಕಾಲುದಾರಿ ಹಿಡಿದಳು. ಮೊಣಕಾಲು ಚುಚ್ಚಿದವು. ಹಿಂದೆ ಶಿವಲಿಂಗಮ್ಮ ಗಂಡನಿಗೆ ಏನೋ ಪಿಸುಗುಟ್ಟಿದಳು. ಬುಧ್ಯಾನ ಕೊರಳಲ್ಲಿ ಒಂದು ಸಣ್ಣ ಗಂಟೆ ಇತ್ತು. ಬೆನ್ನ ಹಿಂದೆ ಅದರ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ನಡೆದಳು. ಬರಲಿಲ್ಲ. ಬರದಿದ್ದದ್ದಕ್ಕೆ ಹಗುರಾಗಬೇಕೋ, ಅಳಬೇಕೋ ತಿಳಿಯದೆ, ತಿರುಗಿ ನೋಡದೆ, ಅವಳು ನಡೆದಳು.